ನೆಗಮಂ: ಮಗ್ಗದ ಮನೆಯ ತಳ್ಳುಗಾಡಿ

ಪೊಳ್ಳಾಚಿಯಿಂದ ಪಲ್ಲಡಂ ಕಡೆಗೆ ಹೊರಡುವ ಬಸ್ಸನ್ನೇರಿ ಕುಳಿತರೆ ದಾರಿಯ ಇಕ್ಕೆಲಗಳಲ್ಲೂ ತೆಂಗಿನ ತೋಟಗಳು ಜೊತೆಗೂಡುತ್ತವೆ. ಸುಮಾರು ಅರ್ಧ ಗಂಟೆಯಲ್ಲಿ ನೆಗಮಂ ಬರುತ್ತದೆ. ಕೈಮಗ್ಗದ ಹತ್ತಿಸೀರೆಯಿಂದ ಹೆಸರಾದ ಊರು; ಆ ಸೀರೆಗೆ ಈಗ ಭೌಗೋಳಿಕ ಸೂಚಕದ ಮಾನ್ಯತೆಯೂ ಇದೆ. ಆದರೆ ನಮ್ಮ ಓದುಗರಿಗೆ ಈ ಊರು ಹತ್ತಿರವಾಗಬೇಕಾದ ಕಾರಣ ಬೇರೆ. ಇಲ್ಲಿಯ ದೇವಾಂಗ ನೇಕಾರರ ಮನೆಮಾತು ಕನ್ನಡ. ಬೀದಿಯಲ್ಲಿ ತಮಿಳು, ಲೆಕ್ಕಪತ್ರದಲ್ಲಿ ತಮಿಳು, ಮಗ್ಗದ ಕೋಣೆಗೆ ಕಾಲಿಟ್ಟೊಡನೆ ಕನ್ನಡ. ಅದು ಪುಸ್ತಕದ ಕನ್ನಡವಲ್ಲ. ಲಿಪಿಯ ಆಸರೆಯಿಲ್ಲದೆ, ಬಾಯಿಂದ ಬಾಯಿಗೆ ತಲೆಮಾರುಗಳನ್ನು ದಾಟಿ ಬಂದ ಕನ್ನಡ. 1956ರವರೆಗೆ ಕೊಳ್ಳೇಗಾಲವೂ ಇದೇ ಕೊಯಮತ್ತೂರು ಜಿಲ್ಲೆಯ ತಾಲ್ಲೂಕಾಗಿತ್ತೆಂಬುದನ್ನು ನೆನೆದರೆ ಇದರಲ್ಲಿ ಸೋಜಿಗಪಡುವಂಥದ್ದೇನೂ ಇಲ್ಲ.

ನಾನು ಹೋದದ್ದು ಸೀರೆ ನೇಯುವುದನ್ನು ನೋಡಲು. ಹೆಚ್ಚು ಹೊತ್ತು ನಿಂತದ್ದು ಮಾತ್ರ ಒಂದು ತಳ್ಳುಗಾಡಿಯ ಬಳಿ. ಸಂಜೆ ಆರರ ಸಮಯ. ಐವತ್ತೈದರ ಆಸುಪಾಸಿನ ಹೆಂಗಸೊಬ್ಬರು ಕುಳಿಗಳಿರುವ ಕಾವಲಿಯಲ್ಲಿ ಪಣಿಯಾರ ಹುಯ್ಯುತ್ತಿದ್ದರು. ನಾವು ಪಡ್ಡು, ಗುಂಡುಪಂಗಳ ಎನ್ನುವುದು ಇದನ್ನೇ. ಜೊತೆಗಿದ್ದ ಗೆಳೆಯನೊಡನೆ ನಾನು ಆಡಿದ ಮಾತು ಅವರ ಕಿವಿಗೆ ಬಿತ್ತು. ಕೈಯಲ್ಲಿದ್ದ ಕಡ್ಡಿ ಹಾಗೆಯೇ ನಿಂತಿತು. "ನೀವು ನಮ್ಮೋರಾ?" ಎಂದರು. ಹೌದೆಂದೆ. ಎರಡು ಪಣಿಯಾರ ಹೆಚ್ಚಿಗೆ ಬಿದ್ದವು. ಮಾತಿಗೆ ಮಾತು ಬೆಳೆದು, ನಾನು ಗಡಿಯ ಕಡೆಯ ಮೇಷ್ಟ್ರು, ತಮಿಳು ಓದಬಲ್ಲೆ ಎಂದು ತಿಳಿದ ಮೇಲೆ, ಗಾಡಿಯ ಕೆಳಗಿನ ಡಬ್ಬಿಯಿಂದ ನಾಲ್ಕಾಗಿ ಮಡಿಸಿದ ಕಾಗದವೊಂದು ಹೊರಗೆ ಬಂತು. ಬೀದಿ ವ್ಯಾಪಾರದ ಪ್ರಮಾಣಪತ್ರಕ್ಕೆ ಸಲ್ಲಿಸಬೇಕಾದ ಅರ್ಜಿ. ಎಲ್ಲವನ್ನೂ ತುಂಬಿದ್ದರು, ಒಂದು ಸಾಲಿನ ಮುಂದೆ ಮಾತ್ರ ಖಾಲಿ ಬಿಟ್ಟಿದ್ದರು. ತನಗೆ ಬೇರೆ ಜೀವನೋಪಾಯವಿಲ್ಲವೆಂದು ಒಪ್ಪಿ ಸಹಿ ಹಾಕಬೇಕಾದ ಸಾಲು ಅದು.

"ಅಣ್ಣಾ, ಮನೇಲಿ ಮಗ್ಗ ಇದೆ. ಇದೆ ಅಂದ್ರೆ ಗಾಡಿ ಹೋಗುತ್ತೆ. ಇಲ್ಲ ಅಂದ್ರೆ ಮಗ್ಗದ ಮುಂದೇನೇ ಸುಳ್ಳು ಹೇಳಿದ ಹಾಗೆ."

ಈ ಸಾಲನ್ನು ಯಾವ ಗುಮಾಸ್ತನೂ ಹುಟ್ಟುಹಾಕಿದ್ದಲ್ಲ. 2014ರ ಬೀದಿ ವ್ಯಾಪಾರಿಗಳ ಜೀವನೋಪಾಯ ಸಂರಕ್ಷಣೆಯ ಕಾಯಿದೆಯ ಐದನೆಯ ಕಲಮಿನಲ್ಲಿಯೇ ಇದೆ. ಪ್ರಮಾಣಪತ್ರ ಪಡೆಯುವವರು ಮೂರು ಮಾತು ಕೊಡಬೇಕು: ವ್ಯಾಪಾರವನ್ನು ತಾವೇ ಅಥವಾ ಮನೆಯವರ ಮೂಲಕ ನಡೆಸುವುದು, ತಮಗೆ ಬೇರೆ ಜೀವನೋಪಾಯ ಇಲ್ಲದಿರುವುದು, ಪತ್ರವನ್ನು ಯಾರಿಗೂ ವರ್ಗಾಯಿಸದೆ, ಬಾಡಿಗೆಗೆ ಕೊಡದೆ ಇರುವುದು. ಸುಳ್ಳು ಹೇಳಿ ಪತ್ರ ಪಡೆದದ್ದು ಗೊತ್ತಾದರೆ ಅದನ್ನು ರದ್ದುಗೊಳಿಸಬಹುದು. ರದ್ದುಮಾಡುವ ಮುನ್ನ ಅವರ ಅಹವಾಲು ಕೇಳಬೇಕು. ಹತ್ತಾರು ಗಾಡಿಗಳನ್ನು ಬಾಡಿಗೆಗೆ ಬಿಟ್ಟು ಕುಳಿತುಣ್ಣುವ ಧಣಿಗಳನ್ನು ದೂರವಿಡಲು ಈ ನಿಬಂಧನೆಯನ್ನು ಹಾಕಿದ್ದಿರಬೇಕು. ಅದು ತಡೆದು ನಿಲ್ಲಿಸಿದ್ದು ಪಣಿಯಾರದ ಅಮ್ಮನನ್ನು.

ಉಳಿದಂತೆ ಈ ಕಾಯಿದೆ ಬಡವರ ಪರವಾದದ್ದೇ. ಬೀದಿಯಲ್ಲಿ ವ್ಯಾಪಾರ ಮಾಡುವುದೂ ವೃತ್ತಿಸ್ವಾತಂತ್ರ್ಯದ ಒಂದು ಭಾಗ, ಯುಕ್ತ ನಿರ್ಬಂಧಗಳಿಗೆ ಅದು ಒಳಪಟ್ಟಿರಬೇಕು ಎಂದು ಸುಪ್ರೀಂ ಕೋರ್ಟು 1989ರಲ್ಲಿ, ಸೋದನ್ ಸಿಂಗ್ ಎಂಬವರ ಮೊಕದ್ದಮೆಯಲ್ಲಿ ಹೇಳಿತ್ತು. ಆ ಮಾತು ಕಾನೂನಿನ ರೂಪ ತಾಳಲು 25 ವರ್ಷ ಬೇಕಾಯಿತು. ಈಗ ಐದು ವರ್ಷಕ್ಕೊಮ್ಮೆಯಾದರೂ ವ್ಯಾಪಾರಿಗಳ ಸಮೀಕ್ಷೆ ನಡೆಯಬೇಕು. ಸಮೀಕ್ಷೆ ಮುಗಿದು ಪತ್ರ ಕೊಡುವವರೆಗೆ ಯಾರನ್ನೂ ಎಬ್ಬಿಸುವಂತಿಲ್ಲ. ಬೇರೆಡೆಗೆ ಸ್ಥಳಾಂತರಿಸಬೇಕಾದರೆ 30 ದಿನಗಳ ನೋಟೀಸು ಕೊಡಬೇಕು. ಜಾಗಗಳ ವಿಷಯದಲ್ಲಿ ಸಲಹೆ ಕೊಡುವ ಪಟ್ಟಣ ವ್ಯಾಪಾರ ಸಮಿತಿಯಲ್ಲಿ ಶೇಕಡಾ 40ಕ್ಕೆ ಕಡಮೆಯಿಲ್ಲದಂತೆ ವ್ಯಾಪಾರಿಗಳೇ ಚುನಾಯಿತರಾಗಿ ಕೂರಬೇಕು, ಅವರಲ್ಲಿ ಮೂರನೆಯ ಒಂದು ಭಾಗ ಹೆಂಗಸರಿರಬೇಕು. ಊರಿನ ಜನಸಂಖ್ಯೆಯ ಶೇಕಡಾ 2.5ರ ಮಿತಿಯೊಳಗೆ ಇರುವವರಿಗೆಲ್ಲ ಎಡೆ ಮಾಡಿಕೊಡಬೇಕು. ಹತ್ತು ಸಾವಿರ ಜನರಿರುವ ಪಟ್ಟಣವೆಂದರೆ 250 ಮಂದಿಗೆ. ಹದಿನಾಲ್ಕು ತುಂಬಿದವರಿಗೆ ಪತ್ರ ಕೊಡಬಹುದೆಂದೂ ಅದರಲ್ಲಿದೆ. ಮೇಷ್ಟ್ರಾದ ನನಗೆ ಅದೊಂದು ಹಿಡಿಸದ ಮಾತು. ಹದಿನಾಲ್ಕರ ಹುಡುಗ ಇರಬೇಕಾದದ್ದು ಒಂಬತ್ತನೆಯ ತರಗತಿಯಲ್ಲಿ.

ಈ ಕಾಯಿದೆ ಪಟ್ಟಣಗಳಿಗೆ ಮಾತ್ರ ಅನ್ವಯಿಸುತ್ತದೆ. ನೆಗಮಂ ಪಟ್ಟಣ ಪಂಚಾಯಿತಿ, ತಮಿಳಿನಲ್ಲಿ ಪೇರೂರಾಟ್ಚಿ. ಇದೇ ಗಾಡಿ ಊರಿನ ಎಲ್ಲೆ ದಾಟಿ ಹಳ್ಳಿಯ ತೆಂಗಿನ ತೋಪಿನ ಬಳಿ ನಿಂತರೆ ಈ ರಕ್ಷಣೆಯೂ ಅಲ್ಲಿಗೆ ಮುಗಿಯಿತು. ತಿನಿಸು ಮಾರುವವರಿಗೆ ಆಗ ಇನ್ನೊಂದು ಕಾಗದವೂ ಬೇಕಿತ್ತು, ಆಹಾರ ಸುರಕ್ಷತೆಯ ನೋಂದಣಿ. 2011ರ ನಿಯಮಗಳು ವರ್ಷಕ್ಕೆ 12 ಲಕ್ಷಕ್ಕೆ ಮೀರದ ವಹಿವಾಟಿನ ಸಣ್ಣವರಿಗೆ ವರ್ಷಕ್ಕೆ 100 ರೂಪಾಯಿ ಶುಲ್ಕವನ್ನು ಗೊತ್ತುಮಾಡಿದವು. ಅದನ್ನು ಆಕೆ ಆಗಲೇ ಮಾಡಿಸಿಕೊಂಡಿದ್ದರು. ಪ್ಲಾಸ್ಟಿಕ್ ಹಾಳೆಯೊಳಗಿಟ್ಟು, ಕುಡಿಯುವ ನೀರಿನ ಮುಚ್ಚಿದ ಕೊಳಗದ ಮೇಲೆಯೇ ತೂಗುಹಾಕಿದ್ದರು.

ಮಗ್ಗದ ಕಥೆ ಹೀಗಿದೆ. ಮರುದಿನ ಬೆಳಗ್ಗೆ ಮನೆಗೆ ಕರೆದರು, ಹೋದೆ. ಗುಂಡಿಮಗ್ಗ. ಗಂಡ ಗುಂಡಿಯಲ್ಲಿ ಕಾಲಿಳಿಬಿಟ್ಟು ಕುಳಿತು ಲಾಳಿ ಎಸೆಯುತ್ತಾರೆ. ಗೋಡೆಯ ಮೇಲೆ ಚೌಡೇಶ್ವರಿಯ ಪಟ. ನೂಲು ಸಾಹುಕಾರರದು, ಕೂಲಿ ಸೀರೆಗೆ ಇಷ್ಟೆಂದು. ಮಳೆಗಾಲದಲ್ಲಿ ಗುಂಡಿಯಲ್ಲಿ ತೇವ ಏರಿದರೆ ನೇಯ್ಗೆ ನಿಂತುಹೋಗುತ್ತದೆ. ಕಂಡಿಕೆ ಸುತ್ತುವುದು ಈ ಅಮ್ಮನ ಕೆಲಸ. ಬೆಳಗ್ಗೆ ಐದರಿಂದ ಅಡಿಗೆಯ ಹೊತ್ತಿನವರೆಗೆ, ಮೂವತ್ತೈದು ವರ್ಷಗಳಿಂದ. ಅದಕ್ಕೆ ಎಷ್ಟು ಕೂಲಿ ಎಂದು ಕೇಳಿದೆ. ಗಂಡ ಹೆಂಡತಿ ಇಬ್ಬರೂ ನಕ್ಕರು. ಸೀರೆಯ ಕೂಲಿಯೊಳಗೇ ಅದೂ ಸೇರಿದೆಯಂತೆ. ಬೇರೆಯಾಗಿ ಯಾರೂ ಕೊಟ್ಟದ್ದಿಲ್ಲ, ಯಾರೂ ಕೇಳಿದ್ದೂ ಇಲ್ಲ. ಹಾಗಾದರೆ ಮಗ್ಗ ಯಾರ ಜೀವನೋಪಾಯ? ಆಕೆಯ ಕೈಗೆ ದುಡ್ಡು ಬರುವುದು ಸಂಜೆಯ ಗಾಡಿಯಿಂದ ಮಾತ್ರ. ಮೊಮ್ಮಗಳ ನೋಟುಪುಸ್ತಕಕ್ಕೂ ಮಳೆಗಾಲದ ಅಕ್ಕಿಗೂ ಆಗುವುದು ಆ ದುಡ್ಡೇ.

ನಾನು ವಕೀಲನಲ್ಲ, ಸಹಿ ಹಾಕಿ ಎನ್ನುವ ಧೈರ್ಯ ನನಗೆ ಬರಲಿಲ್ಲ. ತಾಲ್ಲೂಕು ಕಾನೂನು ಸೇವಾ ಸಮಿತಿಯಲ್ಲಿ ಕೇಳಿ ನೋಡಿ ಎಂದೆ. 1987ರ ಕಾಯಿದೆಯಂತೆ ಹೆಂಗಸರಿಗೆ ಅವರ ವರಮಾನ ಎಷ್ಟೇ ಇರಲಿ, ಕಾನೂನಿನ ನೆರವು ಉಚಿತ. ನಮ್ಮ ತಾಳವಾಡಿ, ಹೊಸೂರಿನ ತಾಯಂದಿರಿಗೂ ಇದು ತಿಳಿದಿರಲಿ. ಇನ್ನೊಂದು ಸಂಗತಿಯನ್ನೂ ಹೇಳಿದೆ. ಮಕ್ಕಳಿಗೆ ಮಾತೃಭಾಷೆಯಲ್ಲಿ ಪ್ರಾಥಮಿಕ ಶಿಕ್ಷಣದ ಸೌಕರ್ಯವಿರಬೇಕೆನ್ನುವ ಸಂವಿಧಾನದ 350ಎ ವಿಧಿಯನ್ನು ಕನ್ನಡ ಶಾಲೆಯ ಪಾಲಕರೆಲ್ಲ ಬಲ್ಲರು. ಅದರ ಮಗ್ಗುಲಲ್ಲೇ ಇರುವ 350ನೆಯ ವಿಧಿಯನ್ನು ಬಲ್ಲವರು ಕಡಮೆ: ಕುಂದುಕೊರತೆಯ ಮನವಿಯನ್ನು ಒಕ್ಕೂಟದಲ್ಲಾಗಲಿ ರಾಜ್ಯದಲ್ಲಾಗಲಿ ಬಳಕೆಯಲ್ಲಿರುವ ಯಾವುದೇ ಭಾಷೆಯಲ್ಲಿ ಯಾವ ಅಧಿಕಾರಿಗಾದರೂ ಸಲ್ಲಿಸುವ ಹಕ್ಕು ಅದರಲ್ಲಿದೆ. ಆಕೆ ಗಮನವಿಟ್ಟು ಕೇಳಿದರು. ಆಮೇಲೆ, "ನಮಗೆ ಆ ಅಕ್ಷರ ಬರೋದಿಲ್ವಲ್ಲ" ಎಂದರು.

ಕೊನೆಗೆ ಆಕೆಯೇ ದಾರಿ ಕಂಡುಕೊಂಡರು. ಸಾಲನ್ನು ಖಾಲಿ ಬಿಡುವುದಿಲ್ಲ, ಅರ್ಜಿಯೊಡನೆ ಬೇರೆ ಹಾಳೆಯೊಂದನ್ನು ಇಡುವುದೆಂದು ತೀರ್ಮಾನವಾಯಿತು. ಅಂದು ಸಂಜೆ ಗಾಡಿಯ ದೀಪದ ಕೆಳಗೆ ಮೊಮ್ಮಗಳು ದುಂಡು ತಮಿಳಕ್ಷರದಲ್ಲಿ ಬರೆದಳು: ಮಗ್ಗ ಗಂಡನದು, ನೂಲು ಸಾಹುಕಾರರದು, ಕಂಡಿಕೆ ಸುತ್ತುವುದಕ್ಕೆ ನನಗೆ ಕೂಲಿ ಇಲ್ಲ, ನನ್ನ ಸಂಪಾದನೆ ಈ ಗಾಡಿಯೊಂದೇ. ಬರೆದು ಮುಗಿದ ಮೇಲೆ ಹಾಳೆಯನ್ನು ನನ್ನತ್ತ ತಿರುಗಿಸಿ, ಹಿಂದುಗಡೆ ಅದನ್ನೇ ನಮ್ಮ ಅಕ್ಷರದಲ್ಲಿ ಬರೆದುಕೊಡಿ ಎಂದರು. ಬರೆದೆ. ಎಣ್ಣೆಯ ಬೆರಳನ್ನು ಸೆರಗಿಗೆ ಒರೆಸಿಕೊಂಡು ಹಾಳೆಯನ್ನು ಹಿಡಿದು ನೋಡಿದರು. "ಇದರಲ್ಲಿ ಮಗ್ಗ ಅಂತ ಎಲ್ಲಿದೆ?" ತೋರಿಸಿದೆ. ಮೊಮ್ಮಗಳೂ ಬಗ್ಗಿ ನೋಡಿದಳು.

ಅಷ್ಟರಲ್ಲಿ ಪಲ್ಲಡಂ ಬಸ್ಸು ಬಂದು ನಿಂತಿತು. ನಾಲ್ಕೈದು ಮಂದಿ ಇಳಿದು ಗಾಡಿಯ ಕಡೆಗೇ ಬಂದರು. ಆಕೆ ಹಾಳೆಯನ್ನು ಅರ್ಜಿಯೊಳಗೆ ಮಡಿಸಿ ಡಬ್ಬಿಗೆ ಹಾಕಿ, ಕಾವಲಿಯ ಕುಳಿಗಳಿಗೆ ಹಿಟ್ಟು ಹುಯ್ಯತೊಡಗಿದರು.