ನೆಲ ಮಾರದ ಊರು

ಪುಣೆಯ ಹಡಪ್ಸರಕ್ಕೆ ಸೇರಿದ ಮಗರಪಟ್ಟಾದಲ್ಲಿ ಸಂಜೆ ತಿರುಗಾಡುವಾಗ, ಈ ಎತ್ತರದ ಮನೆಗಳ ಅಡಿಯಲ್ಲಿ ಹಿಂದೆ ಕಬ್ಬಿನ ಗದ್ದೆಗಳಿದ್ದುವೆಂದರೆ ನಂಬುವುದು ನಮಗೆ ಕಷ್ಟ. ಸುಮಾರು 120 ರೈತ ಕುಟುಂಬಗಳು 400 ಎಕರೆಗೂ ಮಿಕ್ಕ ತಮ್ಮ ನೆಲವನ್ನು ಹೊರಗಿನವರಿಗೆ ಮಾರದೆ ಒಟ್ಟುಗೂಡಿಸಿ, ನೆಲದ ಅಳತೆಗೆ ತಕ್ಕಂತೆ ತಾವೇ ಪಾಲುದಾರರಾಗಿ, 2000ದ ಸುಮಾರಿಗೆ ಈ ಊರು ಕಟ್ಟತೊಡಗಿದರು. ಮುಂದಾಳು ಸತೀಶ ಮಗರ.

ಇದನ್ನು ನೆನೆದಾಗಲೆಲ್ಲ ನಮ್ಮ ಮನಸ್ಸು ಶರಾವತಿಯ ಕಣಿವೆಗೆ ಓಡುತ್ತದೆ. ಹೊಳೆ, ಮಳೆಕಾಡು, ಅಡಕೆಯ ತೋಟ, ತೋಟಕ್ಕೆ ಸೊಪ್ಪೊದಗಿಸುವ ಬೆಟ್ಟ, ಇಷ್ಟೇ ಅಲ್ಲಿಯವರ ಆಸ್ತಿ. ಅದರಲ್ಲಿಯೂ ಬೆಟ್ಟ ಸರಕಾರದ್ದು. ಸೊಪ್ಪಿನ ಹಕ್ಕಷ್ಟೇ ರೈತನದು. 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟು ಮುಗಿದು ಊರೂರೇ ನೀರಿನಡಿಯಾದುವು. ನಾಡಿಗೆ ಬೆಳಕು ಬಂದಿತು, ನಿಜ. ಎದ್ದುಹೋದ ಅನೇಕ ಕುಟುಂಬಗಳು ಹೊಸ ನೆಲದ ಹಕ್ಕುಪತ್ರಕ್ಕಾಗಿ ದಶಕಗಳೇ ಕಾದುವು. ಹಿನ್ನೀರಿನಾಚೆ ಉಳಿದವರು ಲಾಂಚನ್ನೇ ನಂಬಿದರು. ಸಿಗಂದೂರಿನ ಸೇತುವೆ ತೆರೆದದ್ದು 2025ರ ಜುಲೈಯಲ್ಲಿ.

ಇಲ್ಲಿ ರೈತರನ್ನು ಕೇಳಿದವರುಂಟು, ಅಲ್ಲಿ ಕೇಳಿದವರಿಲ್ಲ. ಆದುದರಿಂದ ಹೋಲಿಕೆ ಪೂರ್ತಿ ಸಲ್ಲದು. ಆದರೆ ನಮ್ಮಲ್ಲಿ ಅನೇಕರಿಗೆ ಊರಿನಲ್ಲಿ ಇನ್ನೂ ಪಾಲಿನ ನೆಲವಿದೆ, ಕೇಳುವವರೂ ಇಲ್ಲದಿಲ್ಲ. ಮಾರುವ ಮಾತು ಬಂದಾಗ ದಾಯಾದಿಗಳೆಲ್ಲ ಒಮ್ಮೆ ಕೂಡಿ ಕುಳಿತು ಪಹಣಿ ಬಿಡಿಸಿ ನೋಡೋಣ. ಒಟ್ಟಾಗಿ ಇಟ್ಟುಕೊಳ್ಳುವ ದಾರಿಯೂ ಉಂಟೆಂಬುದನ್ನು ನಮ್ಮ ನೆರೆಯ ಮರಾಠಿ ರೈತರು ತೋರಿಸಿಕೊಟ್ಟಿದ್ದಾರೆ.