ತಂತಿಯ ಮಹಾತ್ಮೆ

ಸಾಸವಡದ ಪೇಟೆಯಲ್ಲಿ ಸೀತಾಫಲ ಕೊಳ್ಳುವುದು ಬಲು ಸುಲಭ. ಪುಣೆಯಿಂದ ದಿವೇ ಘಾಟು ಏರಿ ಮೂವತ್ತು ಕಿಲೋಮೀಟರು ಹೋದರೆ ಸಿಗುವ ಈ ಊರು ಅಂಜೂರ, ಸೀತಾಫಲಗಳಿಗೆ ಹೆಸರಾದದ್ದು. ಹಣ್ಣು ಕೈಯಲ್ಲಿ ಹಿಡಿದು, ಕಣ್ಣು ಬಿಟ್ಟಿದೆಯೇ ಎಂದು ನೋಡಿ, ಹೆಬ್ಬೆರಳಿನಿಂದ ಮೆಲ್ಲಗೆ ಒತ್ತಿದರಾಯಿತು. ಮಾರುವವಳು ಎಷ್ಟೇ ವರ್ಣಿಸಲಿ, ತೀರ್ಪು ಹೆಬ್ಬೆರಳಿನದು. ಆದರೆ ಹೆಬ್ಬೆರಳಿಗೆ ನಿಲುಕದ ಸರಕುಗಳೂ ಲೋಕದಲ್ಲಿವೆ. ಅಂಥದೊಂದು ಕಳೆದ ಚಳಿಗಾಲದಲ್ಲಿ ಇದೇ ಊರಿನ ನಮ್ಮ ಕಾಕಾ ಅವರ ಮನೆ ಹೊಕ್ಕಿತು. ಬೇರೇನಲ್ಲ, ತಂತಿ. ಆಂಪ್ಲಿಫೈಯರಿನಿಂದ ಸ್ಪೀಕರಿಗೆ ಹೋಗುವ ಮೂರು ಮೀಟರು ಉದ್ದದ ಎರಡು ತಂತಿ. ಬೆಲೆ ಮೂವತ್ತೆಂಟು ಸಾವಿರ ರೂಪಾಯಿ!

ಕಾಕಾ ಗದಗಿನ ಕಡೆಯವರು. ಪುಣೆಯ ಸರಕಾರಿ ಕಚೇರಿಯೊಂದರಲ್ಲಿ ಆಯುಷ್ಯವೆಲ್ಲ ಲೆಕ್ಕಪತ್ರ ಬರೆದು, ನಿವೃತ್ತರಾದ ಮೇಲೆ ಸಾಸವಡದಲ್ಲಿ ಸಣ್ಣ ಮನೆ ಮಾಡಿಕೊಂಡರು. ಅವರಿಗಿರುವ ಚಟ ಒಂದೇ, ಭೀಮಸೇನ ಜೋಶಿ. ಭೀಮಸೇನರು ತಮ್ಮ ಗುರುಗಳಾದ ಕುಂದಗೋಳದ ಸವಾಯಿ ಗಂಧರ್ವರ ನೆನಪಿಗೆ 1953ರಲ್ಲಿ ಪುಣೆಯಲ್ಲಿ ಆರಂಭಿಸಿದ ಉತ್ಸವಕ್ಕೆ, ರಮಣಬಾಗ ಶಾಲೆಯ ಮೈದಾನದಲ್ಲಿ ಶಾಲು ಹೊದ್ದು ಇರುಳೆಲ್ಲ ಕುಳಿತವರು ಅವರು. ಹೊರನಾಡ ಕನ್ನಡಿಗರಾದ ನಮಗೆ ಇದು ಹೊಸತೇನಲ್ಲ. ಊರು ಬಿಟ್ಟು ಬಂದವರಿಗೆ ಊರಿನ ಒಂದು ದನಿ ಮರಾಠಿ ಮಂದಿಯ ನಡುವೆ ಮೆರೆಯುವುದನ್ನು ಕೇಳುವ ಹೆಮ್ಮೆ ಎಂಥದೆಂದು ವಾಚಕರಿಗೆ ಹೇಳಬೇಕಾಗಿಲ್ಲ.

ಈಚೆಗೆ ಕಾಕಾ ಒಂದೇ ಸಮನೆ ಗೊಣಗುತ್ತಿದ್ದರು: "ಮೊದಲಿನ್ಹಂಗ ಮಾತು ಬಿಡಿಸಿ ಕೇಳಸವಲ್ದು. ದನಿ ಬರತದ, ಶಬ್ದ ತಿಳಿಯಂಗಿಲ್ಲ." ಪುಣೆಯ ಅಂಗಡಿಯೊಂದರಲ್ಲಿ ವಿಚಾರಿಸಿದಾಗ, ದೋಷ ಸೆಟ್ಟಿನದಲ್ಲ, ತಂತಿಯದು ಎಂದರಂತೆ. ಜೊತೆಗೆ ಹೊಳಪು ಕಾಗದದ ಒಂದು ಪುಸ್ತಿಕೆ. ಈ ತಂತಿಯ ತಾಮ್ರದಲ್ಲಿ ಆಮ್ಲಜನಕವಿಲ್ಲ, ಬೆಳ್ಳಿಯ ಲೇಪವಿದೆ, ಮೈಮೇಲೆ ಬಾಣದ ಗುರುತಿದೆ, ಆ ದಿಕ್ಕಿಗೇ ಜೋಡಿಸಬೇಕು, ಇನ್ನೂರು ತಾಸು ನುಡಿಸಿದ ಮೇಲೆ ತಂತಿ 'ಪಳಗಿ' ತೆರೆ ಸರಿದಂತೆ ಗಾಯನ ಸ್ಪಷ್ಟವಾಗುವುದು! ಪೈಸೆ ಪೈಸೆಯನ್ನು ತಾಳೆ ನೋಡಿದ ಕಾಕಾ ಈ ಪುಸ್ತಿಕೆಯನ್ನು ಮಾತ್ರ ತಾಳೆ ನೋಡಲಿಲ್ಲ. ಒಂದು ತಿಂಗಳ ಪೆನ್ಶನ್ನು ಹೆಚ್ಚುಕಡಿಮೆ ಪೂರ್ತಿಯಾಗಿ ಹೋಯಿತು.

ತಾಳೆ ನೋಡುವುದು ಕಷ್ಟವೇನಲ್ಲ. ಮನೆಯ ವಿದ್ಯುತ್ತಿಗೆ ಬಳಸುವ 2.5 ಚದರ ಮಿಲಿಮೀಟರಿನ ತಾಮ್ರದ ತಂತಿ ಕಿಲೋಮೀಟರು ಉದ್ದವಿದ್ದರೆ ಅದರ ರೋಧ ಏಳೆಂಟು ಓಮ್. ಮೂರು ಮೀಟರು ಹೋಗಿ ಮೂರು ಮೀಟರು ಬರುವುದೆಂದರೆ ಆರು ಮೀಟರು, ರೋಧ 0.05 ಓಮ್ ಆಸುಪಾಸು. ಎದುರಿಗೆ ಸ್ಪೀಕರಿನದು 8 ಓಮ್. ಅಂದರೆ ತಂತಿ ತಿಂದುಹಾಕುವುದು ನೂರರಲ್ಲಿ ಒಂದು ಪಾಲಿಗಿಂತಲೂ ಕಡಿಮೆ. ಆಮ್ಲಜನಕ ತೆಗೆದ ತಾಮ್ರ ಸಾಮಾನ್ಯ ತಾಮ್ರಕ್ಕಿಂತ ಬಹಳವಾದರೆ ನೂರಕ್ಕೆ ಒಂದರಷ್ಟು ಹೆಚ್ಚು ವಿದ್ಯುತ್ತು ಹರಿಸೀತು. ಆ ಒಂದು ಪಾಲಿನಲ್ಲಿ ಇನ್ನೊಂದು ಪಾಲು ಉಳಿಸಲು ಮೂವತ್ತೆಂಟು ಸಾವಿರ! ಇನ್ನು ಬಾಣದ ಮಾತು. ಸಂಗೀತದ ವಿದ್ಯುತ್ತು ಕ್ಷಣಕ್ಕೆ ಸಾವಿರಾರು ಬಾರಿ ಹಿಂದಕ್ಕೂ ಮುಂದಕ್ಕೂ ಓಡಾಡುವಂಥದು. ಪಾಪ, ಅದು ಯಾವ ಬಾಣ ನೋಡಿ ನಡೆದೀತು? ನ್ಯಾಯವಾಗಿ ಹೇಳಬೇಕಾದದ್ದೂ ಒಂದಿದೆ: ದಾರದಂಥ ತೆಳು ತಂತಿಯನ್ನು ಮೂವತ್ತು ಮೀಟರು ಎಳೆದರೆ ದನಿ ಕುಂದುವುದು ನಿಜ. ಅದಕ್ಕೆ ಮದ್ದು ಸ್ವಲ್ಪ ದಪ್ಪನೆಯ ತಂತಿ ಅಷ್ಟೇ.

ಇದು ನಮ್ಮ ದೇಶದ ರೋಗವೂ ಅಲ್ಲ. ಪವಾಡಗಳನ್ನು ಬಯಲಿಗೆಳೆಯುತ್ತಿದ್ದ ಅಮೆರಿಕದ ಜೇಮ್ಸ್ ರ‍್ಯಾಂಡಿಯವರು 2007ರಲ್ಲಿ, ಹನ್ನೆರಡು ಅಡಿಯ ಜೋಡಿಗೆ 7,250 ಡಾಲರು ಬೆಲೆಯ ತಂತಿಯನ್ನು ನೋಡದೆ, ಬರೀ ಕೇಳಿ ಗುರುತಿಸಿದವರಿಗೆ ಹತ್ತು ಲಕ್ಷ ಡಾಲರು ಕೊಡುವೆನೆಂದು ಸವಾಲು ಹಾಕಿದ್ದರು. ಒಬ್ಬ ವಿಮರ್ಶಕರು ಮುಂದೆ ಬಂದರು. ತಂತಿಯ ಕಂಪನಿ ಹಿಂದೆ ಸರಿಯಿತು. ಪರೀಕ್ಷೆ ನಡೆಯಲೇ ಇಲ್ಲ.

ಸಾಸವಡದಲ್ಲಿ ಮಾತ್ರ ನಡೆಯಿತು. ಇಂಜಿನಿಯರಿಂಗ್ ಓದುವ ಕಾಕಾ ಅವರ ಮೊಮ್ಮಗಳು ಊರಿನ ಹಾರ್ಡ್‌ವೇರ್ ಅಂಗಡಿಯಿಂದ ಹನ್ನೆರಡು ಮೀಟರು ಸಾದಾ ತಂತಿ ತಂದಳು; ಐನೂರು ರೂಪಾಯಿಯೊಳಗೆ ಕೆಲಸವಾಯಿತು. ಸೆಟ್ಟಿನ ಮೇಲೆ ಚಾದರ ಹೊದಿಸಿ, ಒಳಗೆ ನಾಣ್ಯ ಚಿಮ್ಮಿ, ಯಾವ ತಂತಿಯೆಂದು ತಾನೊಬ್ಬಳೇ ಗುರುತು ಹಾಕಿಕೊಂಡು ಹತ್ತು ಸಲ ನುಡಿಸಿದಳು. ಕಾಕಾ ಮುತ್ತಿನಂಥ ಅಕ್ಷರದಲ್ಲಿ ಉತ್ತರ ಬರೆದರು, ಆರು ಸರಿ. ಅವಳು ಒಳಗಿನ ಕೆಲಸವನ್ನು ತಮ್ಮನಿಗೆ ಕೊಟ್ಟು ತಾನೂ ಕುಳಿತಳು, ಐದು. ನಮಗೆ ನಾಲ್ಕು. ಕಣ್ಣುಮುಚ್ಚಿ ಬರೆದಿದ್ದರೂ ಐದಾರು ಸರಿ ಬರುತ್ತಿದ್ದವು.

"ನನಗ ಫರಕ ಅನಸ್ತಿತ್ತಲ್ಲ," ಎಂದರು ಕಾಕಾ, ತೀರ ಮೆಲ್ಲಗೆ. ಆಗ ಅಡಿಗೆಮನೆಯಿಂದ ಕಾಕು, "ಕುಕ್ಕರಿನ ಸೀಟಿನೂ ಇವರಿಗೆ ಕೇಳಂಗಿಲ್ಲ. ಅದಕ್ಕ ಯಾವ ವಾಯರ್ ಹಚ್ಚೂದು, ಹೇಳ್ರಿ!" ಎಂದರು. ನಾವೆಲ್ಲ ನಕ್ಕೆವು. ಮೊಮ್ಮಗಳು ನಗಲಿಲ್ಲ. "ಅಜ್ಜಾ, ಫೋನಿನ ಗಂಟೀನೂ ನಿಮಗ ಕೇಳಸೂದಿಲ್ಲಲ್ಲ?" ಎಂದಳು.

ತಂತಿ ಹಿಂತಿರುಗಿಸುವ ಪ್ರಸಂಗವನ್ನು ಬೇಗ ಹೇಳಿ ಮುಗಿಸುತ್ತೇವೆ. ಏಳು ದಿನದೊಳಗೆ ಮರಳಿಸಬಹುದೆಂದು ಬಿಲ್ಲಿನಲ್ಲಿತ್ತು. ಆರನೆಯ ದಿನ ಹೋದರೆ, "ಇನ್ನೂ ಪಳಗಿಲ್ಲ, ಇನ್ನೂರು ತಾಸು ನುಡಿಸಿ" ಎಂದರು. ಹಗಲಿರುಳು ನಿಲ್ಲಿಸದೆ ನುಡಿಸಿದರೂ ಇನ್ನೂರು ತಾಸಿಗೆ ಎಂಟು ದಿನ ದಾಟುತ್ತವೆಂದು ಕಾಕಾ ಅಲ್ಲಿಯೇ ಲೆಕ್ಕ ಹಾಕಿದರು. ಹಳೆಯ ಗುಮಾಸ್ತೆ ಎಚ್ಚತ್ತರು! ಗಾಯನ ಸ್ಪಷ್ಟವಾಗುವುದೆಂಬ ಮಾತನ್ನು ಬಿಲ್ಲಿನ ಮೇಲೆ ಬರೆದು ಸಹಿ ಹಾಕಿಕೊಡಿರೆಂದು ಕೇಳಿದರು. ಸಹಿ ಬರಲಿಲ್ಲ, ಹಣ ಬಂತು. ಜಾಹೀರಾತಿನ ಮಾತಿಗೆ ಆಧಾರ ಇರಬೇಕೆಂದು 2019ರ ಗ್ರಾಹಕ ಸಂರಕ್ಷಣಾ ಕಾನೂನಿನಡಿ 2022ರಲ್ಲಿ ನಿಯಮಗಳೇ ಬಂದಿವೆ. 1915 ಎಂಬ ದೂರವಾಣಿಗೆ ದೂರು ಕೊಡಲೂ ಬರುತ್ತದೆ. ಅಷ್ಟು ದೂರ ಹೋಗಬೇಕಾಗಲಿಲ್ಲ.

ಆ ಹಣ ಕಿವಿಯ ಪರೀಕ್ಷೆಗೆ ಉಪಯೋಗವಾಯಿತು. ತಜ್ಞೆ ಕೊಟ್ಟ ನಕಾಶೆಯಲ್ಲಿ ಗೆರೆ ಎಡಗಡೆ ನೆಟ್ಟಗಿದ್ದು ಬಲಕ್ಕೆ ದಿವೇ ಘಾಟಿನಂತೆ ಇಳಿದಿತ್ತು. ವಯಸ್ಸಾದಂತೆ ಮೊದಲು ಸೋರಿಹೋಗುವುದು ಏರು ಕಂಪನದ ನಾದಗಳಂತೆ. ಸ್ವರಗಳು ಕೇಳುತ್ತವೆ, ಸ, ಶ, ತ, ಕ ಮೊದಲಾದ ವ್ಯಂಜನಗಳು ಅಳಿಸಿಹೋಗುತ್ತವೆ. ಆದುದರಿಂದಲೇ ದನಿ ಬರುತ್ತದೆ, ಶಬ್ದ ತಿಳಿಯುವುದಿಲ್ಲ. ಕಾಕಾ ಗೊಣಗಿದ್ದು ಅಕ್ಷರಶಃ ಅದನ್ನೇ. ಅಂಗಡಿಯವರು ಅದನ್ನು ಕೇಳಿ ತಂತಿ ತೋರಿಸಿದರು! ಹಣ ಹೋದರೆ ಹೋಯಿತೆನ್ನಬಹುದು. ಆದರೆ ತಂತಿ 'ಪಳಗಲಿ' ಎಂದು ಕಾಯುತ್ತ ಕುಳಿತಿದ್ದರೆ ಕಾಕಾ ಇನ್ನೆಷ್ಟು ವರ್ಷ ಮನೆಮಂದಿಯ ಮಾತಿಗೆ ಸುಮ್ಮನೆ ತಲೆಯಾಡಿಸುತ್ತಿದ್ದರೋ! ನೆಂಟರಿಷ್ಟರಲ್ಲಿ ಅವರಿಗೆ ಬಿಗುಮಾನವೆಂಬ ಹೆಸರು ಬಂದಿದ್ದೂ ಇದರಿಂದಲೇ ಎಂದು ಈಗ ತೋರುತ್ತದೆ.

ಪುಸ್ತಿಕೆ ಹೇಳುವಂತಿದ್ದರೆ ಭೀಮಸೇನರೇ ಹುಟ್ಟುತ್ತಿರಲಿಲ್ಲವೆಂದು ನಮ್ಮ ಅನಿಸಿಕೆ. ಅಬ್ದುಲ್ ಕರೀಂ ಖಾನರ ಠುಮರಿಯ ತಟ್ಟೆಯೊಂದನ್ನು ಕೇಳಿ ಮರುಳಾಗಿ, 1933ರಲ್ಲಿ ಹನ್ನೊಂದರ ಹುಡುಗ ಗುರುವನ್ನರಸಿ ಮನೆ ಬಿಟ್ಟ. ಮೂರೇ ನಿಮಿಷದ, ಕರಕರ ಎನ್ನುವ ತಟ್ಟೆ ಅದು. ಆ ಹುಡುಗನಿಗೆ ಅಷ್ಟು ಸಾಕಾಯಿತು; ಕಿವಿ ಎಳೆಯದಿತ್ತು.

ಶ್ರವಣಯಂತ್ರ ಬಂದಿದೆ. ಅದರ ಪುಸ್ತಿಕೆಯೂ ಹೊಳಪಿನದೇ. ಆದುದರಿಂದ ವಾರವೊಂದು ಹಾಕಿ ನೋಡಿಯೇ ಕಾಕಾ ಹಣ ಕೊಟ್ಟರು. ಕಾಕು ಮಾತಾಡಿದ್ದು ಈಗ ಕೋಣೆಯಾಚೆಯಿಂದಲೂ ಕೇಳುತ್ತದೆ. ಎಲ್ಲವೂ ಕೇಳುವುದು ಕಾಕಾ ಅವರಿಗೆ ಸದಾ ಹಿತವೆಂದೇನೂ ಅಲ್ಲ. ತಂಬೂರಿ ಮಾತ್ರ ತಗಡು ಬಡಿದಂತೆ ಕೇಳುತ್ತದೆಂಬ ದೂರು ಇದೆ. ಯಂತ್ರವನ್ನು ಮೊದಲು ಹೊಂದಿಸಿದ್ದು ಮಾತಿಗೆ, ಸಂಗೀತಕ್ಕೆ ಬೇರೆಯಾಗಿ ಹೊಂದಿಸಬಹುದು ಎಂದಿದ್ದಾರೆ ತಜ್ಞೆ. ಬರುವ ಗುರುವಾರ ಮತ್ತೆ ಹೋಗುವುದಿದೆ. ಭೀಮಸೇನರ ಧ್ವನಿಮುದ್ರಣವೊಂದನ್ನು ಕಾಕಾ ಈಗಲೇ ಆರಿಸಿ ಮೊಮ್ಮಗಳ ಫೋನಿನಲ್ಲಿ ಹಾಕಿಸಿಟ್ಟಿದ್ದಾರೆ.