ಒಂದು ಸಾಲಿನ ಸುಳಿವು

1938ರ ಅಕ್ಟೋಬರ್ ತಿಂಗಳು. ಅಮೆರಿಕದ ಬಾಲ್ಟಿಮೋರ್ ನಗರದ ಜಾನ್ಸ್ ಹಾಪ್ಕಿನ್ಸ್ ಆಸ್ಪತ್ರೆಗೆ ದಂಪತಿಗಳು ತಮ್ಮ ಐದು ವರ್ಷದ ಮಗನನ್ನು ಕರೆತಂದರು. ಬಾಲಕನ ಹೆಸರು ಡೊನಾಲ್ಡ್ ಟ್ರಿಪ್ಲೆಟ್. ಮಿಸಿಸಿಪಿ ರಾಜ್ಯದ ಫಾರೆಸ್ಟ್ ಎಂಬ ಸಣ್ಣ ಪಟ್ಟಣದವನು. ಅವರು ಬರುವುದಕ್ಕೆ ಮೊದಲೇ ವೈದ್ಯ ಲಿಯೋ ಕ್ಯಾನರ್ ಅವರಿಗೆ ತಂದೆಯ ಪತ್ರವೊಂದು ತಲುಪಿತ್ತು. ಅದು 33 ಪುಟಗಳ ಪತ್ರ! ಮಗನ ವಿಷಯವಾಗಿ ಅಷ್ಟು ಸೂಕ್ಷ್ಮವಾಗಿ ಬರೆದ ತಂದೆಗೆ ಅವನಲ್ಲಿ ಅಕ್ಕರೆಯಿರಲಿಲ್ಲವೆಂದು ಯಾರು ತಾನೇ ಹೇಳಿಯಾರು?

ಡೊನಾಲ್ಡ್ ಕರೆದರೆ ತಿರುಗಿ ನೋಡುತ್ತಿರಲಿಲ್ಲ. ಮನೆಗೆ ಯಾರು ಬಂದರು, ಯಾರು ಹೋದರು ಎಂಬುದು ಅವನಿಗೆ ಬೇಕಿರಲಿಲ್ಲ. ದುಂಡಗಿನ ವಸ್ತು ಯಾವುದು ಸಿಕ್ಕಿದರೂ ಅದನ್ನು ಗಿರ್ರನೆ ತಿರುಗಿಸಿ ಹಿಗ್ಗುತ್ತಿದ್ದನು. ಆದರೆ ಅಕ್ಷರಮಾಲೆಯನ್ನು ಮೊದಲಿನಿಂದ ಕೊನೆಗೂ ಕೊನೆಯಿಂದ ಮೊದಲಿಗೂ ತಪ್ಪಿಲ್ಲದೆ ಹೇಳಬಲ್ಲವನಾಗಿದ್ದನು.

ಇಂತಹ ಹನ್ನೊಂದು ಮಕ್ಕಳನ್ನು ಕಂಡು ಕ್ಯಾನರ್ 1943ರಲ್ಲಿ ಒಂದು ಪ್ರಬಂಧವನ್ನು ಪ್ರಕಟಿಸಿದರು. ಇಂದು ಕನ್ನಡದಲ್ಲಿ ಸ್ವಲೀನತೆ ಎಂದು ಕರೆಯುವ ಆಟಿಸಂನ ಪ್ರಸಿದ್ಧ ಮೊದಲ ವಿವರಣೆ ಅದು. ಅದರಲ್ಲಿ ಎರಡು ಮಾತುಗಳಿದ್ದವು. ಹನ್ನೊಂದರಲ್ಲಿ ಐದು ಮಕ್ಕಳ ತಲೆ ತುಸು ದೊಡ್ಡದಾಗಿತ್ತು ಎಂಬುದು ಒಂದು. ಇದನ್ನು ಕ್ಯಾನರ್ ಒಂದೇ ಸಾಲಿನಲ್ಲಿ ಹೇಳಿ ಮುಂದೆ ಸಾಗಿದರು. ಮಕ್ಕಳ ತಂದೆತಾಯಿಯರಲ್ಲಿ ಹೃದಯದ ಬಿಸುಪುಳ್ಳವರು ಕಡಮೆ ಎಂಬುದು ಇನ್ನೊಂದು.

ಜಗತ್ತು ಹಿಡಿದುಕೊಂಡದ್ದು ಎರಡನೆಯ ಮಾತನ್ನು. ತಾಯಿಯ ಪ್ರೀತಿ ಹೆಪ್ಪುಗಟ್ಟಿದ್ದರಿಂದಲೇ ಮಗು ಒಳಗೊಳಗೇ ಅಡಗಿತು ಎಂಬ ವಾದ ಎರಡು ದಶಕಗಳಿಗೂ ಮೀರಿ ನಡೆಯಿತು. ಬ್ರೂನೋ ಬೆಟೆಲ್‌ಹೈಮ್ 1967ರಲ್ಲಿ ಈ ಬಗೆಯ ವಾದಕ್ಕೆ ಒಂದು ಗ್ರಂಥವನ್ನೇ ಮೀಸಲಿಟ್ಟರು. ಮಗುವಿನ ಮೌನದಿಂದಲೇ ನೊಂದ ತಾಯಂದಿರ ತಲೆಯ ಮೇಲೆ ಅಪರಾಧದ ಹೊರೆಯೂ ಬಿತ್ತು. ವಿದ್ವಾಂಸರ ಲೇಖನಿಯಿಂದ ಆದ ಗಾಯಗಳಲ್ಲಿ ಇದು ಚಿಕ್ಕದೇನಲ್ಲ.

ಇದನ್ನು ಎದುರಿಸಿದವರಲ್ಲಿ ಒಬ್ಬ ತಂದೆಯೇ ಮುಂದಾದುದು ಉಚಿತವಾಗಿತ್ತು. ಮನಶ್ಶಾಸ್ತ್ರಜ್ಞ ಬರ್ನಾರ್ಡ್ ರಿಮ್ಲಾಂಡ್ ಅವರ ಮಗನಿಗೂ ಸ್ವಲೀನತೆಯಿತ್ತು. ಕಾರಣವು ಪ್ರೀತಿಯ ಕೊರತೆಯಲ್ಲ, ಶರೀರದ ರಚನೆಯಲ್ಲಿದೆ ಎಂದು ಅವರು 1964ರ ತಮ್ಮ ಪುಸ್ತಕದಲ್ಲಿ ವಾದಿಸಿದರು. ಅದಕ್ಕೆ ಮುನ್ನುಡಿ ಬರೆದವರು ಕ್ಯಾನರ್! 1969ರಲ್ಲಿ ತಂದೆತಾಯಿಯರ ಸಭೆಯಲ್ಲಿ ನಿಂತು, ನೀವು ನಿರ್ದೋಷಿಗಳು ಎಂದು ಕ್ಯಾನರ್ ಬಾಯಿಬಿಟ್ಟು ಹೇಳಿದರು. ತಾವೇ ಬಿತ್ತಿದ ಮುಳ್ಳನ್ನು ಸಭೆಯ ಮುಂದೆ ಕೀಳುವ ಧೈರ್ಯ ಎಲ್ಲರಿಗೂ ಬರುವುದಿಲ್ಲ.

ಇಷ್ಟಾದರೂ ಮಿದುಳಿನ ಸಾಕ್ಷ್ಯ ಬೇಕಿತ್ತು. ಅದು ನಿಧಾನವಾಗಿ ಬಂತು. 1985ರಲ್ಲಿ ಮಾರ್ಗರೆಟ್ ಬೌಮನ್ ಮತ್ತು ಥಾಮಸ್ ಕೆಂಪರ್, ಸ್ವಲೀನತೆಯಿದ್ದು ತೀರಿಕೊಂಡ ವ್ಯಕ್ತಿಯೊಬ್ಬನ ಮಿದುಳನ್ನು ಸೂಕ್ಷ್ಮದರ್ಶಕದಲ್ಲಿ ಪರೀಕ್ಷಿಸಿದರು. ತಲೆಯ ಹಿಂಭಾಗದಲ್ಲಿರುವ ಕಿರುಮಿದುಳಿನಲ್ಲಿ ಪರ್ಕಿಂಜೆ ಎಂಬ ದೊಡ್ಡ ನರಕೋಶಗಳು ಕಡಮೆಯಿದ್ದವು. ಮುಂದೆ ಎಂ.ಆರ್.ಐ. ಯಂತ್ರವು ಜೀವಂತ ಮಗುವಿನ ಮಿದುಳನ್ನೂ ನೋವಿಲ್ಲದೆ ಚಿತ್ರಿಸಲು ನೆರವಾಯಿತು.

ಕ್ಯಾನರ್ ದಾಟಿಹೋಗಿದ್ದ ಆ ಒಂದು ಸಾಲಿಗೆ ಆಗ ಮತ್ತೆ ಜೀವ ಬಂತು. 2001ರಲ್ಲಿ ಎರಿಕ್ ಕೂರ್ಶೇನ್ ಮತ್ತು ಸಂಗಡಿಗರು ಪ್ರಕಟಿಸಿದ ಅಧ್ಯಯನದಲ್ಲಿ, ಹುಟ್ಟಿದಾಗ ಎಲ್ಲರಂತೆಯೇ ತಲೆಯಳತೆಯಿದ್ದ ಬಾಲಕರಲ್ಲಿ ಎರಡರಿಂದ ನಾಲ್ಕು ವರ್ಷದೊಳಗೆ ನೂರಕ್ಕೆ 90 ಮಂದಿಯ ಮಿದುಳು ಸರಾಸರಿಗಿಂತ ದೊಡ್ಡದಾಗಿತ್ತು. 2017ರಲ್ಲಿ ಹೆದರ್ ಹ್ಯಾಜ್ಲೆಟ್ ಅವರ ತಂಡವು ಇನ್ನೂ ಎಳೆಯ ಕೂಸುಗಳನ್ನು ಪರೀಕ್ಷಿಸಿತು. ಅಣ್ಣನಿಗೋ ಅಕ್ಕನಿಗೋ ಸ್ವಲೀನತೆಯಿದ್ದ ಕೂಸುಗಳವು. ಅವುಗಳಲ್ಲಿ ಮುಂದೆ ಸ್ವಲೀನತೆ ಕಾಣಿಸಿಕೊಂಡವುಗಳ ಮಿದುಳಿನ ಹೊರಪದರದ ಹರವು ಆರರಿಂದ ಹನ್ನೆರಡನೆಯ ತಿಂಗಳ ನಡುವೆಯೇ ವೇಗವಾಗಿ ಹಿಗ್ಗಿತ್ತು.

ಮಿದುಳು ದೊಡ್ಡದಾದರೆ ಒಳ್ಳೆಯದಲ್ಲವೇ ಎಂದು ಯಾರಾದರೂ ಕೇಳಬಹುದು. ಒತ್ತಾಗಿ ಮೊಳೆತ ರಾಗಿಯ ಪೈರನ್ನು ರೈತನು ಹಾಗೆಯೇ ಬಿಡುವುದಿಲ್ಲ. ನಡುನಡುವೆ ಕಿತ್ತು ತೆಳುವು ಮಾಡುತ್ತಾನೆ. ಎಳೆಯ ಮಿದುಳೂ ನರಕೋಶಗಳ ನಡುವೆ ಬೇಕಾದುದಕ್ಕಿಂತ ಹೆಚ್ಚು ಸಂಪರ್ಕಗಳನ್ನು ಬೆಳೆಸಿ, ಬಳಸದವನ್ನು ಬಾಲ್ಯ ಮತ್ತು ಹರೆಯಗಳಲ್ಲಿ ಕಳೆದುಕೊಳ್ಳುತ್ತದೆ. ಸ್ವಲೀನತೆಯಲ್ಲಿ ಈ ಕಳೆಯುವ ಕೆಲಸ ಸಾಕಷ್ಟು ನಡೆಯುವುದಿಲ್ಲವೆಂದು 2014ರ ಅಧ್ಯಯನವೊಂದು ಸೂಚಿಸಿತು. ಆದರೂ ಅವಸರ ಸಲ್ಲದು. ಸ್ವಲೀನತೆಯುಳ್ಳ ಎಲ್ಲ ಮಕ್ಕಳ ತಲೆಯೂ ದೊಡ್ಡದಿರುವುದಿಲ್ಲ. ತಲೆ ದೊಡ್ಡದಾದ ಮಗುವಿಗೆಲ್ಲ ಸ್ವಲೀನತೆಯೂ ಇರುವುದಿಲ್ಲ. ಇಂದಿಗೂ ವೈದ್ಯರು ಇದನ್ನು ಗುರುತಿಸುವುದು ಮಗುವಿನ ಮಾತು, ನೋಟ, ಆಟಗಳನ್ನು ಕಂಡೇ ಹೊರತು ಮಿದುಳಿನ ಚಿತ್ರವೊಂದನ್ನೇ ನಂಬಿ ಅಲ್ಲ. ಇನ್ನು ಆ ಮಗು ಮುಂದೆ ಹೇಗೆ ಬಾಳೀತೆಂಬುದನ್ನು ಚಿತ್ರವು ಹೇಳುವ ಮಾತೆಲ್ಲಿ ಬಂತು!

ಡೊನಾಲ್ಡ್ 2023ರಲ್ಲಿ, 89ನೆಯ ವಯಸ್ಸಿನಲ್ಲಿ ತೀರಿಕೊಂಡನು. ಅಷ್ಟರಲ್ಲಿ ಅವನು ಪದವಿ ಪಡೆದಿದ್ದನು, ಬ್ಯಾಂಕಿನಲ್ಲಿ ದುಡಿದಿದ್ದನು, ಕಾರು ನಡೆಸಿದ್ದನು, ಒಬ್ಬನೇ ದೇಶಗಳನ್ನು ಸುತ್ತಿದ್ದನು. ಅದಕ್ಕೆಲ್ಲ ಮೊದಲು, ಬಾಲ್ಯದಲ್ಲಿ ಕೆಲವು ವರ್ಷ ಅವನನ್ನು ಒಂದು ರೈತ ದಂಪತಿಗಳ ಮನೆಯಲ್ಲಿರಿಸಲಾಗಿತ್ತು. ಅವನಿಗೆ ಅಳೆಯುವ ಹುಚ್ಚು. ಅವರು ಬಾವಿ ತೋಡಿಸಿ ಅದರ ಆಳವನ್ನು ಅಳೆದು ಹೇಳೆಂದರು. ಮೆಕ್ಕೆಜೋಳದ ಸಾಲುಗಳನ್ನು ಮತ್ತೆ ಮತ್ತೆ ಎಣಿಸುತ್ತಿದ್ದನು. ಉಳುತ್ತ ಎಣಿಸು ಎಂದರು. ಕ್ಯಾನರ್ ಅಲ್ಲಿಗೆ ಹೋದ ದಿನ ಅವನು ಉದ್ದನೆಯ ಆರು ಸಾಲುಗಳನ್ನು ಉತ್ತು ತೋರಿಸಿದನು. ಪ್ರತಿ ಸಾಲಿನ ಕೊನೆಯಲ್ಲಿ ಕುದುರೆಯನ್ನು ತಾನೇ ತಿರುಗಿಸಿಕೊಂಡು, ಮುಂದಿನ ಸಾಲಿಗೆ ನೇಗಿಲು ಹೂಡುತ್ತಿದ್ದನು.